ಸಾಲಕ್ಕೆ ಭದ್ರತೆ ಅಂತ ಖಾಲಿ ಚೆಕ್ ಕೊಟ್ಟಿದ್ದೆ, ಈಗ ವಕೀಲರ ನೋಟಿಸ್ ಬಂದಿದೆ

ತದಡಿ_ದೋಣಿ · ಜೂನ್ 21, 2025

ಕುಮಟಾ ಕಡೆಯವನು ನಾನು. ಮೂವರು ಸೇರಿ ಇಟ್ಟುಕೊಂಡ ಟ್ರಾಲರ್ ಇದೆ, ತದಡಿ ಬಂದರಿನಲ್ಲಿ ನಿಲ್ಲುತ್ತದೆ. ಹೋದ ವರ್ಷ ಆಗಸ್ಟ್‌ನಲ್ಲಿ ನಿಷೇಧ ಮುಗಿದು ದೋಣಿ ಇಳಿಸುವ ಹೊತ್ತಿಗೆ ಇಂಜಿನ್ ಕೈಕೊಟ್ಟಿತು. ಬಲೆಯೂ ಹಳೆಯದು. ಪೇಟೆಯಲ್ಲಿ ಬಡ್ಡಿಗೆ ಕೊಡುವವರೊಬ್ಬರಿಂದ 3 ಲಕ್ಷ ತಂದೆ. ಕಾರವಾರದಲ್ಲಿ ಹಳೆ ಕಾಳಿ ಸೇತುವೆ ಬಿದ್ದ ವಾರವೇ ಅದು, ಹಾಗಾಗಿ ದಿನ ಚೆನ್ನಾಗಿ ನೆನಪಿದೆ.

ಬಡ್ಡಿ ನೂರಕ್ಕೆ ತಿಂಗಳಿಗೆ 3 ರೂಪಾಯಿ. ಭದ್ರತೆಗೆ ಅಂತ ಎರಡು ಚೆಕ್ ಕೇಳಿದರು. ಸಹಿ ಮಾತ್ರ ಮಾಡಿ ಕೊಟ್ಟೆ. ಹೆಸರು, ಮೊತ್ತ, ತಾರೀಕು ಎಲ್ಲಾ ಖಾಲಿ. 'ಸುಮ್ನೆ ಒಂದು ಧೈರ್ಯಕ್ಕೆ ಇರಲಿ, ಬ್ಯಾಂಕಿಗೆ ಹಾಕೋದಿಲ್ಲ' ಅಂದಿದ್ದರು.

ಈ ಮೇ ತನಕ ಅಸಲಿನಲ್ಲಿ 1,80,000 ತಿರುಗಿ ಕೊಟ್ಟಿದ್ದೇನೆ. 1,10,000 ಫೋನ್‌ಪೇಯಲ್ಲಿ, 70,000 ಕೈಯಲ್ಲಿ. ಮಾರ್ಚ್‌ವರೆಗೆ ತಿಂಗಳಿಗೆ 9,000 ಬಡ್ಡಿ ಬೇರೆ, ಅದೂ ನಗದು. ಏಪ್ರಿಲ್‌ನಲ್ಲಿ ಮೀನೇ ಇಲ್ಲ, ಬಡ್ಡಿ ನಿಂತಿತು.

ಜೂನ್ 1ಕ್ಕೆ ಮತ್ತೆ ನಿಷೇಧ ಶುರು. ದೋಣಿ ದಡಕ್ಕೆ, ಖಾತೆ ಖಾಲಿ. ಅದು ಗೊತ್ತಿದ್ದೇ ಜೂನ್ 2ಕ್ಕೆ ಒಂದು ಚೆಕ್ ಬ್ಯಾಂಕಿಗೆ ಹಾಕಿದ್ದಾರೆ. ಮೊತ್ತ 4,75,000! ಮಾರನೇ ದಿನ ವಾಪಸ್. ನಿನ್ನೆ ವಕೀಲರ ನೋಟಿಸ್ ಬಂತು, 15 ದಿನದಲ್ಲಿ ಕಟ್ಟು ಅಂತ. ಭದ್ರತೆಗೆ ಕೊಟ್ಟ ಚೆಕ್ಕಿಗೆ ಕೇಸು ಆಗೋದಿಲ್ಲ ಅಂತ ಬಂದರಿನಲ್ಲಿ ಎಲ್ಲರೂ ಹೇಳ್ತಾರೆ. ಹೌದಾ? ಇನ್ನೊಂದು ಚೆಕ್ ಅವರ ಹತ್ತಿರವೇ ಇದೆ.

ಗೋಕರ್ಣ_ಗಾಳಿ · ಜೂನ್ 21

ಎಂಥದ್ದೂ ಆಗೋದಿಲ್ಲ ಮಾರಾಯ. ಮೊತ್ತ ಬರೆದ ಅಕ್ಷರ ನಿಂದಲ್ಲ, ಇಂಕು ಬೇರೆ. ಅಷ್ಟೇ ಸಾಕು ಕೇಸು ಬಿದ್ದುಹೋಗಲಿಕ್ಕೆ. ಮೊದಲು ಆ ಖಾತೆ ಕ್ಲೋಸ್ ಮಾಡು, ಇನ್ನೊಂದು ಚೆಕ್ ಹಾಕಿದರೂ ಏನೂ ಸಿಗಬಾರದು. ನೋಟಿಸ್ ಬಂದರೆ ತಗೊಳ್ಳೋದೇ ಬೇಡವಾಗಿತ್ತು. ಪೋಸ್ಟ್‌ಮ್ಯಾನ್‌ಗೆ 'ಮನೇಲಿಲ್ಲ' ಅಂದಿದ್ರೆ ಮುಗೀತಿತ್ತು.

ನಿವೃತ್ತ_ಕ್ಯಾಶಿಯರ್ · ಜೂನ್ 21

ಗಾಳಿಯವರೇ, ಹೆಸರಿಗೆ ತಕ್ಕ ಹಾಗೆ ಬರೆದಿದ್ದೀರಿ.

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಇದ್ದೆ, ಕೊನೆಯ ಒಂಬತ್ತು ವರ್ಷ ಶಿರಸಿಯಲ್ಲಿ. ಇಂಥ ಚೆಕ್ಕುಗಳನ್ನು ದಿನಾ ನೋಡಿದ್ದೇನೆ. ಖಾತೆ ಕ್ಲೋಸ್ ಮಾಡಿದರೆ ತಪ್ಪಿಸಿಕೊಳ್ಳಬಹುದು ಅಂತ ಬಹಳ ಜನ ತಿಳಿದಿದ್ದಾರೆ. 'ಖಾತೆ ಮುಚ್ಚಿದೆ' ಅಂತ ವಾಪಸ್ ಬಂದ ಚೆಕ್ಕೂ ಬೌನ್ಸ್ ಚೆಕ್ಕೇ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಪಾವತಿ ಮಾಡಬೇಡಿ ಅಂತ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟರೂ, ಸಹಿ ತಾಳೆ ಆಗದ ಹಾಗೆ ಮಾಡಿದರೂ ಅಷ್ಟೇ. ಸಾಲ ಬಾಕಿ ಇದ್ದು ಹೀಗೆ ಮಾಡಿದರೆ ಮೋಸದ ಬುದ್ಧಿ ಅಂತ ನಿಮ್ಮ ಮೇಲೇ ತಿರುಗುತ್ತದೆ.

ಆದರೆ ಎರಡನೇ ಚೆಕ್ಕಿನ ವಿಷಯಕ್ಕೆ ಬ್ಯಾಂಕಿಗೆ ಒಂದು ಪತ್ರ ಕೊಡಿ. ಚೆಕ್ ನಂಬರ್ ಬರೆದು, 'ಭದ್ರತೆಗೆ ಕೊಟ್ಟದ್ದು, ವಿವಾದ ಇದೆ, ಪಾವತಿ ಮಾಡಬೇಡಿ' ಅಂತ ನಿಜವಾದ ಕಾರಣವನ್ನೇ ಬರೆಯಿರಿ. ದಯವಿಟ್ಟು 'ಚೆಕ್ ಕಳೆದುಹೋಗಿದೆ' ಅಂತ ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯೋದು, ಕೋರ್ಟಿನಲ್ಲಿ ಅದೇ ಕುತ್ತಿಗೆಗೆ ಬರೋದು. ಪತ್ರಕ್ಕೆ ಬ್ಯಾಂಕಿನ ಸೀಲು ಹಾಕಿಸಿಕೊಂಡು ನಕಲು ಇಟ್ಟುಕೊಳ್ಳಿ. ಅದು ಕೇಸಿನಿಂದ ಕಾಪಾಡುತ್ತದೆ ಅಂತಲ್ಲ. ಚೆಕ್ ಬ್ಯಾಂಕಿಗೆ ಬರುವ ಮೊದಲೇ ನೀವು ಹೀಗೆ ಹೇಳಿದ್ದಿರಿ ಅನ್ನುವುದಕ್ಕೆ ದಾಖಲೆ.

ಆ 4,75,000 ಮೊತ್ತ ನೋಡಿ ನನಗೆ ನಗು ಬಂತು. 50,000 ಮತ್ತು ಮೇಲಿನ ಚೆಕ್ಕಿಗೆ ಪಾಸಿಟಿವ್ ಪೇ ಅಂತ ಒಂದು ವ್ಯವಸ್ಥೆ ಇದೆ, 2021ರ ಜನವರಿಯಿಂದ. 5 ಲಕ್ಷ ಮತ್ತು ಮೇಲಿನದಕ್ಕೆ ಚೆಕ್ ಕೊಟ್ಟವನು ಮೊತ್ತ, ಹೆಸರು ಮೊದಲೇ ಬ್ಯಾಂಕಿಗೆ ತಿಳಿಸಬೇಕು ಅಂತ ಬಹಳ ಬ್ಯಾಂಕುಗಳು ಕಡ್ಡಾಯ ಮಾಡಿವೆ. ಬರೆದವರಿಗೆ ಈ ಲೆಕ್ಕ ಗೊತ್ತಿತ್ತೋ ಏನೋ!

ಘಟ್ಟದ_ಕೆಳಗಿನ_ವಕೀಲೆ · ಜೂನ್ 21

ಕಾರವಾರ, ಅಂಕೋಲಾ ಕೋರ್ಟುಗಳಲ್ಲಿ ಕೆಲಸ ಮಾಡ್ತೇನೆ. ನೋಟಿಸ್ ಕೈಯಲ್ಲಿ ಹಿಡಿದು ನೋಡದೆ ಪೂರ್ತಿ ಹೇಳಲು ಆಗುವುದಿಲ್ಲ. ಆದರೂ ದೋಣಿಯವರ ಮುಖ್ಯ ಪ್ರಶ್ನೆಗೆ ಉತ್ತರ ಕೊಡ್ತೇನೆ, ಯಾಕೆಂದರೆ ತಿಂಗಳಿಗೆ ನಾಲ್ಕು ಜನ ಇದನ್ನೇ ಕೇಳ್ತಾರೆ.

'ಭದ್ರತೆಗೆ ಕೊಟ್ಟ ಚೆಕ್ಕಿಗೆ ಕೇಸು ಇಲ್ಲ' ಅನ್ನೋದು ತಪ್ಪು. ಪೂರ್ತಿ ತಪ್ಪು. ಚೆಕ್ ಕೊಟ್ಟ ದಿನ ಅದು ಭದ್ರತೆಯೇ ಇದ್ದಿರಬಹುದು. ಬ್ಯಾಂಕಿಗೆ ಹಾಕಿದ ದಿನ ಸಾಲ ಬಾಕಿ ಇತ್ತಾ, ಎಷ್ಟು ಇತ್ತು? ಕೋರ್ಟು ಕೇಳುವುದು ಇದನ್ನು. ಬಾಕಿ ಇದ್ದರೆ ಭದ್ರತೆಯ ಚೆಕ್ಕೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟಿನ 138ನೇ ಕಲಮಿಗೆ, ಅಂದರೆ ಚೆಕ್ ಬೌನ್ಸ್ ಅಪರಾಧಕ್ಕೆ, ಬರುತ್ತದೆ. 2016ರಲ್ಲಿ ಸಂಪೆಲ್ಲಿ ಸತ್ಯನಾರಾಯಣ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. 2021ರಲ್ಲಿ ಶ್ರೀಪತಿ ಸಿಂಗ್ ಪ್ರಕರಣದಲ್ಲಿ ಇನ್ನೂ ಖಾರವಾಗಿ ಹೇಳಿತು: ಭದ್ರತೆಯ ಚೆಕ್ ಅಂದರೆ ಬೆಲೆ ಇಲ್ಲದ ಕಾಗದದ ಚೂರಲ್ಲ. ಮಾತಾಡಿದ ದಿನಕ್ಕೆ ಸಾಲ ತೀರದಿದ್ದರೆ ಆ ಚೆಕ್ಕಿಗೆ ಜೀವ ಬರುತ್ತದೆ.

ಅಕ್ಷರ ಬೇರೆ, ಇಂಕು ಬೇರೆ ಅನ್ನುವ ವಾದವೂ ನಿಲ್ಲುವುದಿಲ್ಲ. ಸಹಿ ಮಾಡಿ ಖಾಲಿ ಚೆಕ್ ಕೊಟ್ಟರೆ, ಅದನ್ನು ತುಂಬುವ ಹಕ್ಕನ್ನೂ ಕೊಟ್ಟ ಹಾಗೆ ಅಂತ 2019ರ ಬೀರ್ ಸಿಂಗ್ ತೀರ್ಪಿನಲ್ಲಿದೆ. ಸಹಿ ನಿಮ್ಮದು ಅಂತ ಆದ ಮೇಲೆ 139ನೇ ಕಲಮಿನ ಪ್ರಕಾರ 'ಇದು ಸಾಲ ತೀರಿಸಲು ಕೊಟ್ಟ ಚೆಕ್' ಅಂತಲೇ ಕೋರ್ಟು ಶುರು ಮಾಡುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು.

ಹಾಗಂತ ಕೈಚೆಲ್ಲಬೇಡಿ. ನಿಮ್ಮ ಕೈಯಲ್ಲಿ ಗಟ್ಟಿ ವಿಷಯ ಒಂದಿದೆ. ಚೆಕ್ ಕೊಟ್ಟ ಮೇಲೆ ಸಾಲದಲ್ಲಿ ಒಂದು ಭಾಗ ತೀರಿಸಿದ್ದೀರಿ. ಅದನ್ನು ಚೆಕ್ಕಿನ ಮೇಲೆ ಬರೆದು ಕಳೆಯದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138 ಅಪರಾಧ ಆಗುವುದಿಲ್ಲ. 2022ರ ದಶರಥಭಾಯಿ ಪಟೇಲ್ ತೀರ್ಪು ಇದೇ. ಅಲ್ಲಿ 20 ಲಕ್ಷದ ಚೆಕ್, ಅದರಲ್ಲಿ 4 ಲಕ್ಷದ ಮೇಲೆ ಸ್ವಲ್ಪ ಮೊದಲೇ ಕೊಟ್ಟಾಗಿತ್ತು. ಆದರೂ ಪೂರ್ತಿ 20 ಲಕ್ಷಕ್ಕೆ ಹಾಕಿದ್ದರು. ಕೇಸು ಬಿತ್ತು.

ನಿಮ್ಮ ಲೆಕ್ಕದಲ್ಲಿ ಬಾಕಿ ಅಸಲು 1,20,000. ಅವರು ಬರೆದದ್ದು 4,75,000. ಈ ಅಂತರವನ್ನು ಕಾಗದದಲ್ಲಿ ತೋರಿಸಲು ಆಗಬೇಕು. ಫೋನ್‌ಪೇ ಇದೆ, ಒಳ್ಳೇದು. ನಗದಿಗೆ ಏನಿದೆ?

ಇನ್ನು ನೋಟಿಸ್ ವಾಪಸ್ ಕಳಿಸುವ ಉಪಾಯ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಬಂದದ್ದನ್ನು ಬೇಡ ಅಂದರೆ ಅದು ತಲುಪಿದ ಹಾಗೇ ಲೆಕ್ಕ. ತಗೊಂಡದ್ದೇ ಸರಿಯಾಯ್ತು. 15 ದಿನ ಇರುವುದು ದುಡ್ಡು ಕಟ್ಟಲು, ಅಷ್ಟರೊಳಗೆ ಉತ್ತರವನ್ನೂ ಕೊಟ್ಟುಬಿಡಿ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ, ರಂಗಪ್ಪ ವಿರುದ್ಧ ಮೋಹನ್, 2010. ಬರೀ 45,000 ರೂಪಾಯಿ ಕೈಸಾಲದ್ದು. ಚೆಕ್ ಕಳೆದುಹೋಗಿತ್ತು ಅಂತ ವಾದ, ನೋಟಿಸಿಗೆ ಉತ್ತರ ಮಾತ್ರ ಕೊಟ್ಟಿರಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಗೆದ್ದ ಮನುಷ್ಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡರಲ್ಲೂ ಸೋತ.

ತದಡಿ_ದೋಣಿ · ಜೂನ್ 22

ಮೇಡಂ, ಓದಿ ರಾತ್ರಿ ನಿದ್ದೆ ಬರಲಿಲ್ಲ. ನಗದಿಗೆ ರಸೀದಿ ಇಲ್ಲ. ಅವರ ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ ಇತ್ತು, ಅದರಲ್ಲಿ ಬರೀತಿದ್ದರು. ಆದರೆ ಮೇ ಕೊನೆಗೆ ವಾಟ್ಸ್ಯಾಪಿನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದ್ದರು. 'ಉಳಿದ ಒಂದು ಇಪ್ಪತ್ತು, ಎರಡು ತಿಂಗಳ ಬಡ್ಡಿ, ಯಾವಾಗ ಕೊಡ್ತಿ' ಅಂತ. ಅದು ಇದೆ. ಸಾಕಾಗುತ್ತಾ? ಜೈಲು ಆಗುತ್ತಾ? ಪೊಲೀಸರನ್ನು ಕಳಿಸ್ತೇನೆ ಅಂತಲೂ ಹೇಳಿದ್ದಾರೆ.

ಘಟ್ಟದ_ಕೆಳಗಿನ_ವಕೀಲೆ · ಜೂನ್ 22

ಆ ಸಂದೇಶ ಚಿನ್ನ! ಅಳಿಸಬೇಡಿ, ಫೋನ್ ಬದಲಿಸಬೇಡಿ, ಮಾರಬೇಡಿ. ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರ ಬೇಕು, ನಿಮ್ಮ ವಕೀಲರು ಮಾಡಿಸುತ್ತಾರೆ.

138 ಕೇಸು ಪೊಲೀಸರದ್ದಲ್ಲ. ಸಾಲ ಕೊಟ್ಟವರೇ ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಕೊಡಬೇಕು. ನೋಟಿಸ್ ತಲುಪಿ 15 ದಿನ ಮುಗಿದ ಮೇಲೆ ಒಂದು ತಿಂಗಳ ಒಳಗೆ. ಜಾಮೀನು ಸಿಗುವ ಅಪರಾಧ ಇದು. ಕಾನೂನಿನಲ್ಲಿ 2 ವರ್ಷದವರೆಗೆ ಸಜೆ, ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಇದೆ. ನಿಮ್ಮ ಚೆಕ್ಕಿಗೆ 9,50,000 ತನಕ ಆಯ್ತು. ಹೆಚ್ಚಾಗಿ ಕೋರ್ಟು ದುಡ್ಡು ಕಟ್ಟಿಸುವುದರ ಕಡೆಗೇ ನೋಡುತ್ತದೆ. ಕಟ್ಟದಿದ್ದರೆ ಜೈಲು. ಇನ್ನೊಂದು ಹೊಡೆತ ಜನರಿಗೆ ಗೊತ್ತೇ ಇರುವುದಿಲ್ಲ. ಕೇಸು ಮುಗಿಯುವ ಮೊದಲೇ ಚೆಕ್ಕಿನ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿ ಅಂತ ಕೋರ್ಟು ಹೇಳಬಹುದು, 2018ರ ತಿದ್ದುಪಡಿ. ನಿಮಗೆ 95,000 ಆಗುತ್ತದೆ. ಕೊಡಿಸಲೇಬೇಕು ಅಂತಿಲ್ಲ, ನಿಮ್ಮ ಬಚಾವಿನಲ್ಲಿ ಹುರುಳಿದೆ ಅಂತ ಕಂಡರೆ ಬಿಡಬಹುದು. ಅದಕ್ಕೇ ಮೊದಲ ದಿನದಿಂದ ಕಾಗದ ಸರಿ ಇರಬೇಕು.

ಎಲ್ಲಕ್ಕಿಂತ ಮುಖ್ಯ, ಕೋರ್ಟಿನ ಸಮನ್ಸ್ ಬಂದಾಗ ಹೋಗಿ. ಸಾಲ ಮಾಡಿದ್ದಕ್ಕೆ ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ. ದೋಣಿಗೆ ಹೋಗಿದ್ದೆ ಅಂತ ಮೂರು ಸಲ ತಪ್ಪಿಸಿದರೆ ವಾರಂಟ್ ಬರುತ್ತದೆ, ಆಗ ಪೊಲೀಸರು ಬಂದೇ ಬರ್ತಾರೆ.

ಚಾಲಿ_ರಾಶಿ · ಜೂನ್ 22

ಎಲ್ಲರೂ ಸಾಲಗಾರನ ಕಡೆಯಿಂದ ಮಾತಾಡ್ತಿದ್ದೀರಿ. ಕೊಟ್ಟವನ ಕಥೆಯೂ ಒಂದು ಕೇಳಿ. ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದವನು. ಬಡ್ಡಿ ವ್ಯವಹಾರ ಇಲ್ಲ. ಮೂರು ವರ್ಷದ ಹಿಂದೆ ಪರಿಚಯದವನೊಬ್ಬ ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಹಿಡಿಯಲಿಕ್ಕೆ ಅಂತ 2 ಲಕ್ಷ ಕೈಗಡ ಕೇಳಿದ. ಹಸಿ ಅಡಿಕೆ ನನಗೇ ತಂದು ಹಾಕ್ತೇನೆ ಅಂದ. ಚೆಕ್ ಅವನಾಗಿಯೇ ಕೊಟ್ಟ. ಕೊಯ್ಲು ಮುಗೀತು, ಅಡಿಕೆ ಬೇರೆಯವರ ಅಂಗಳಕ್ಕೆ ಹೋಯ್ತು.

ಚೆಕ್ ಹಾಕಿದೆ, ಬೌನ್ಸ್. ಫೋನ್ ಮಾಡಿದರೆ 'ಭಾವ, ಮಾರಿಜಾತ್ರೆ ಮುಗಿದ ಕೂಡ್ಲೆ ಕೊಡ್ತೆ' ಅಂತ. ಜಾತ್ರೆ ಮುಗೀತು. ಆಮೇಲೆ ಮಗಳ ನಿಶ್ಚಿತಾರ್ಥ. ಆಮೇಲೆ ಮಳೆ. ನಾನೂ ಮನುಷ್ಯತ್ವ ಅಂತ ಕಾದೆ. ಕೊನೆಗೆ ವಕೀಲರ ಹತ್ತಿರ ಹೋದರೆ ಅವರು ಮೊದಲು ಕೇಳಿದ್ದು, ಚೆಕ್ ವಾಪಸ್ ಆಯ್ತು ಅಂತ ಬ್ಯಾಂಕು ಕೊಟ್ಟ ಮೆಮೊ ಯಾವ ತಾರೀಕಿನದು ಅಂತ. ಮೆಮೊ ಕೈಗೆ ಬಂದ 30 ದಿನದಲ್ಲಿ ನೋಟಿಸ್ ಕೊಡಬೇಕಂತೆ. ನನಗೆ ಆಗಲೇ ನಾಲ್ಕು ತಿಂಗಳಾಗಿತ್ತು. ಮತ್ತೊಮ್ಮೆ ಹಾಕೋಣ ಅಂದರೆ ಚೆಕ್ಕಿನ ಮೂರು ತಿಂಗಳ ಆಯುಷ್ಯವೂ ಮುಗಿದಿತ್ತು. 138 ಕೈತಪ್ಪಿತು. ಈಗ ಸಿವಿಲ್ ದಾವೆ ನಡೀತಾ ಇದೆ. ನಡೀತಾ ಅಂದರೆ, ನಾನು ನಡೀತಾ ಇದ್ದೇನೆ, ಕೋರ್ಟಿಗೆ.

ಹಾಗಾಗಿ ದೋಣಿಯವರೇ, ನಿಮ್ಮ ಸಾಹುಕಾರರು ಬೇಗ ನೋಟಿಸ್ ಕೊಟ್ಟದ್ದಕ್ಕೆ ಬರೀ ದುಷ್ಟತನ ಅಂತ ತಿಳೀಬೇಡಿ. ಕಾಯುವವನು ಕಳಕೊಳ್ಳುವ ಹಾಗೆ ಕಾನೂನೇ ಇದೆ. 4,75,000 ಬರೆದದ್ದು ಮಾತ್ರ ಪಕ್ಕಾ ದುಷ್ಟತನ.

ಘಟ್ಟದ_ಕೆಳಗಿನ_ವಕೀಲೆ · ಜೂನ್ 22

ಚಾಲಿಯವರೇ, ನೀವು ಮೂರು ತಿಂಗಳ ಒಳಗೆ ಮತ್ತೆ ಹಾಕಿದ್ದರೆ ಬಚಾವಾಗ್ತಿದ್ದಿರಿ. ಅವಧಿ ಇರುವ ತನಕ ಎಷ್ಟು ಸಲ ಬೇಕಾದರೂ ಹಾಕಬಹುದು, ಕೊನೆಯ ಬೌನ್ಸಿನಿಂದ ನೋಟಿಸ್ ಕೊಡಬಹುದು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರು ಕೊಡಲು ತಡವಾದರೆ ಕೋರ್ಟು ಕಾರಣ ನೋಡಿ ಮನ್ನಿಸಬಹುದು. ನೋಟಿಸ್ ತಡವಾದರೆ ಮನ್ನಿಸಲು ಕಾನೂನಿನಲ್ಲಿ ದಾರಿಯೇ ಇಲ್ಲ.

ಗೋಕರ್ಣ_ಗಾಳಿ · ಜೂನ್ 23

ಸರಿ, ಖಾತೆ ಕ್ಲೋಸ್ ಮಾತು ವಾಪಸ್ ತಗೊಂಡೆ. ಆದರೆ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತಲ್ಲ? ಲೈಸನ್ಸ್ ಇಲ್ಲದ ಬಡ್ಡಿಯವರ ಸಾಲ ಮನ್ನಾ ಅಂತ. ಅದರಲ್ಲಿ ಎಲ್ಲಾ ಮುಗೀತಲ್ವಾ?

ಘಟ್ಟದ_ಕೆಳಗಿನ_ವಕೀಲೆ · ಜೂನ್ 23

ಪೇಪರಿನ ತಲೆಬರಹ ಓದಿ ಬಂದವರು ವಾರಕ್ಕೆ ಇಬ್ಬರಾದರೂ ನನ್ನ ಆಫೀಸಿನಲ್ಲಿ ಕೂತಿರ್ತಾರೆ. ಆ ಸುಗ್ರೀವಾಜ್ಞೆ ಬಂದದ್ದು 2025ರ ಫೆಬ್ರುವರಿ 12ಕ್ಕೆ, ಮೈಕ್ರೊ ಫೈನಾನ್ಸ್ ಕಿರುಕುಳ ಜೋರಾದಾಗ. ಮನೆ ಬಾಗಿಲಿಗೆ ಬಂದು ಹೆದರಿಸುವುದು, ಅವಮಾನ ಮಾಡುವುದು, ನೋಂದಣಿ ಇಲ್ಲದೆ ಸಾಲ ಕೊಡುವ ದಂಧೆ, ಇವುಗಳ ಮೇಲೆ ಅದರ ಕಣ್ಣು. ಒತ್ತಾಯದ ವಸೂಲಿಗೆ 10 ವರ್ಷದವರೆಗೆ ಸಜೆ ಇದೆ. ನಿಮ್ಮನ್ನು ಹಾಗೆ ಕಾಡಿದ್ದರೆ ಬೇರೆ ದೂರು ಕೊಡಿ. ಅದನ್ನು ತೋರಿಸಿದ ಕೂಡಲೇ ಚೆಕ್ ಕೇಸು ಕರಗಿಹೋಗುತ್ತದೆ ಅಂತ ನಂಬಬೇಡಿ.

ಬಡ್ಡಿಯ ವಾದಕ್ಕೆ ಅದಕ್ಕಿಂತ ಹಳೆಯ ಕಾನೂನುಗಳೇ ಇವೆ: 1961ರ ಲೇವಾದೇವಿ ಕಾಯ್ದೆ, ವಿಪರೀತ ಬಡ್ಡಿ ನಿಷೇಧಿಸುವ 2004ರ ಕಾಯ್ದೆ. ರಾಜ್ಯದಲ್ಲಿ ಲೇವಾದೇವಿಯವರಿಗೆ ನಿಗದಿ ಆಗಿರುವ ಬಡ್ಡಿ ಭದ್ರತೆ ಇದ್ದರೆ ವರ್ಷಕ್ಕೆ ಶೇಕಡಾ 14, ಇಲ್ಲದಿದ್ದರೆ 16. ತಿಂಗಳಿಗೆ 3 ರೂಪಾಯಿ ಅಂದರೆ ವರ್ಷಕ್ಕೆ 36. 16ರ ಲೆಕ್ಕ ಹಿಡಿದರೂ ನಿಮ್ಮ 3 ಲಕ್ಷಕ್ಕೆ ವರ್ಷಕ್ಕೆ 48,000 ದಾಟಬಾರದ ಬಡ್ಡಿ 1,08,000 ಆಗಿದೆ. ಇದನ್ನು ಉತ್ತರದ ನೋಟಿಸಿನಲ್ಲಿ ಬರೆಸಿ.

ಕಾಳಿ_ಸೇತುವೆ · ಜೂನ್ 24

ಸದಾಶಿವಗಡದಿಂದ. ನಾನು ಸಾಲವನ್ನೂ ಮಾಡಿಲ್ಲ, ಬಡ್ಡಿಯನ್ನೂ ತಿಂದಿಲ್ಲ. ಗೆಳೆಯನಿಗೆ ಜಾಮೀನು ನಿಂತೆ, ಅಷ್ಟೇ.

ಅವನು ಟೆಂಪೊ ತಗೊಳ್ಳಲು ಒಂದು ಪತ್ತಿನ ಸಂಘದಲ್ಲಿ ಸಾಲ ಮಾಡಿದ. ಹೆಸರು ಬೇಡ. ಜಾಮೀನುದಾರರು ಇಬ್ಬರು, ತಲಾ ಎರಡು ಖಾಲಿ ಚೆಕ್. 'ಇದು ಫಾರ್ಮಾಲಿಟಿ, ಫೈಲಿನಲ್ಲಿ ಇಡ್ಲಿಕ್ಕೆ' ಅಂದರು ಅಲ್ಲಿ ಕೂತವರು. ನಾನು ಚಹಾ ಕುಡೀತಾ ಸಹಿ ಮಾಡಿದೆ. ಚಹಾ ಅವನೇ ಕೊಡಿಸಿದ್ದು, ನನ್ನ ಜೀವಮಾನದ ಅತಿ ದುಬಾರಿ ಚಹಾ.

ಒಂದೂವರೆ ವರ್ಷ ಕಂತು ಕಟ್ಟಿ ಗೋವಾಕ್ಕೆ ಹೋದವನು ಫೋನ್ ಎತ್ತಲಿಲ್ಲ. ಕೇಸು ಅವನ ಮೇಲೂ ಆಯ್ತು, ನನ್ನ ಮೇಲೂ ಆಯ್ತು. ಸಾಲ ನನ್ನದಲ್ಲವಲ್ಲ ಅಂತ ನಾನು. ಕಾನೂನಿನಲ್ಲಿ 'ಸಾಲ ಅಥವಾ ಬೇರೆ ಯಾವುದೇ ಹೊಣೆ' ಅಂತ ಇದೆಯಂತೆ. ಜಾಮೀನುದಾರನ ಚೆಕ್ಕಿಗೂ 138 ಹತ್ತುತ್ತದೆ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಆಗಿದೆ ಅಂತ ವಕೀಲರು ತೋರಿಸಿದರು. ಹೆಂಡತಿಯ ಎರಡು ಬಳೆ ಅಡ ಇಟ್ಟು ಕಟ್ಟಿದೆ. ಅವಳು ಇವತ್ತಿಗೂ ಒಂದು ಮಾತು ಅಂದಿಲ್ಲ. ಅಂದಿದ್ರೆ ಎಷ್ಟೋ ಹಗುರ ಆಗ್ತಿತ್ತು.

ಮತ್ತೊಂದು. ಆ ಸಂಘದ ಖಾತೆ ಇದ್ದದ್ದು ಹುಬ್ಬಳ್ಳಿಯಲ್ಲಿ. ಚೆಕ್ ಹಾಕಿದವರ ಖಾತೆ ಯಾವ ಊರಿನ ಶಾಖೆಯಲ್ಲಿದೆಯೋ ಕೇಸು ಅಲ್ಲಿ ನಡೆಯುತ್ತದೆ, 2015ರಿಂದ ಹೀಗೆ. ಪ್ರತಿ ತಾರೀಕಿಗೂ ಬೆಳಗಿನ ಬಸ್ಸು, ಅರಬೈಲ್ ಘಟ್ಟ, ವಾಂತಿ. ಹತ್ತು ನಿಮಿಷದಲ್ಲಿ ಮುಂದಿನ ತಾರೀಕು. ವಾಪಸ್ ಅದೇ ಘಟ್ಟ.

ನಿವೃತ್ತ_ಕ್ಯಾಶಿಯರ್ · ಜೂನ್ 24

ಸೇತುವೆಯವರೇ, ಸಾಲ ತೀರಿದ ಮೇಲೆ ಎರಡನೇ ಚೆಕ್ ವಾಪಸ್ ತಗೊಂಡಿರಾ? ಬಹಳ ಜನ ಮರೀತಾರೆ. ಸಾಲ ತೀರಿತು ಅನ್ನುವ ಎನ್‌ಒಸಿ ಕಾಗದ ತಗೊಂಡು ಖುಷಿಯಲ್ಲಿ ಮನೆಗೆ ಹೋಗ್ತಾರೆ, ಚೆಕ್ಕು ಫೈಲಿನಲ್ಲೇ.

ನೆನಪಾಯ್ತು ಅಂತ ಹೇಳ್ತೇನೆ. ನಮ್ಮ ಕರಾವಳಿಯಲ್ಲಿ ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳ ಹಳೆ ಚೆಕ್ಕುಗಳು ಇನ್ನೂ ಯಾರ್ಯಾರದೋ ಕಪಾಟಿನಲ್ಲಿ ಭದ್ರತೆಗೆ ಅಂತ ಕೂತಿವೆ. 2019, 2020ರಲ್ಲಿ ಅವೆಲ್ಲ ಬೇರೆ ಬ್ಯಾಂಕಿನಲ್ಲಿ ಸೇರಿಹೋದವು. ಹಳೆ ಚೆಕ್ ಈಗ ನಡೆಯುವುದಿಲ್ಲ. ವಿಲೀನವಾದ ಬ್ಯಾಂಕಿನ, ಬಳಕೆ ಮುಗಿದ ಚೆಕ್ಕು ವಾಪಸ್ ಬಂದರೆ 138 ಹತ್ತುವುದಿಲ್ಲ ಅಂತ ಅಲಹಾಬಾದ್ ಹೈಕೋರ್ಟ್ 2024ರಲ್ಲಿ ಹೇಳಿದೆ. ಹಾಗಂತ ಸಾಲ ಮಾಯ ಆಗಲಿಲ್ಲ, ಸಿವಿಲ್ ದಾವೆಗೆ ಅಡ್ಡಿಯೂ ಇಲ್ಲ.

ಕಾಳಿ_ಸೇತುವೆ · ಜೂನ್ 24

ಇಲ್ಲ ಕ್ಯಾಶಿಯರ್ ಸಾಹೇಬರೇ. ತಗೊಂಡಿಲ್ಲ. ನಾಳೆಯೇ ಹೋಗ್ತೇನೆ.

ತದಡಿ_ದೋಣಿ · ಜುಲೈ 4

ಉತ್ತರ ಕಳಿಸಿಯಾಯ್ತು. ಕುಮಟಾದಲ್ಲೇ ವಕೀಲರನ್ನು ಹಿಡಿದೆ. 3 ಲಕ್ಷ ತಂದದ್ದನ್ನು ಒಪ್ಪಿದ್ದೇವೆ. ಮುಚ್ಚಿಡಲಿಲ್ಲ. ಫೋನ್‌ಪೇಯ ಪಟ್ಟಿ, ಧ್ವನಿ ಸಂದೇಶ, ಬಡ್ಡಿ ಲೆಕ್ಕ ಎಲ್ಲಾ ಬರೆದು, ಬಾಕಿ 1,20,000 ಕಂತಿನಲ್ಲಿ ಕೊಡಲು ತಯಾರಿದ್ದೇನೆ ಅಂತ ಹೇಳಿದ್ದೇವೆ. ಎರಡೂ ಚೆಕ್ಕಿನ ನಂಬರ್ ಹಾಕಿ ಎರಡನೆಯದನ್ನು ವಾಪಸ್ ಕೇಳಿದ್ದೇವೆ. ಬ್ಯಾಂಕಿಗೂ ಪತ್ರ ಕೊಟ್ಟೆ, ಸೀಲು ಹಾಕಿಸಿದೆ.

ಬಂದರಿನವರು ಮಾತ್ರ ನಗ್ತಾರೆ. 'ದುಡ್ಡೇ ತಂದಿಲ್ಲ ಅನ್ನಬೇಕಿತ್ತು, ಅವನ ಹತ್ತಿರ ಏನು ಸಾಕ್ಷಿ ಇದೆ' ಅಂತ.

ಘಟ್ಟದ_ಕೆಳಗಿನ_ವಕೀಲೆ · ಜುಲೈ 4

ನೀವು ಮಾಡಿದ್ದು ಸರಿ. ತಂದೇ ಇಲ್ಲ ಅಂದು, ಆಮೇಲೆ 1,10,000 ಫೋನ್‌ಪೇ ಯಾಕೆ ಮಾಡಿದಿರಿ ಅಂದರೆ ಏನು ಹೇಳ್ತಿದ್ದಿರಿ?

ಆ ವಾದ ನಿಲ್ಲುವ ಪ್ರಕರಣಗಳು ಬೇರೆ. 2019ರಲ್ಲಿ ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ ಅಂತ ನಮ್ಮದೇ ರಾಜ್ಯದ್ದು ಒಂದಿದೆ. 6 ಲಕ್ಷ ಸಾಲ ಕೊಟ್ಟೆ ಅಂದವನಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಎದ್ದಿತು. ಅವನು ತೃಪ್ತಿಯಾಗುವ ಹಾಗೆ ತೋರಿಸಲಿಲ್ಲ, ಚೆಕ್ ಕೊಟ್ಟವನು ಬಿಡುಗಡೆ ಆದ. ಆರೋಪಿ ತನ್ನ ಮಾತನ್ನು ಸಂಶಯಕ್ಕೆ ಎಡೆಯೇ ಇಲ್ಲದ ಹಾಗೆ ಸಾಬೀತು ಮಾಡಬೇಕಾಗಿಲ್ಲ. 'ಹೌದು, ಹೀಗೂ ಇದ್ದಿರಬಹುದು' ಅಂತ ಕೋರ್ಟಿಗೆ ಅನ್ನಿಸಿದರೆ ಸಾಕು. ನಿಮ್ಮ ಪ್ರಕರಣದಲ್ಲಿ ನಿಜವೇ ನಿಮಗೆ ಹೆಚ್ಚು ಉಪಯೋಗ.

ಹಲಸಿನ_ಹಪ್ಪಳ · ಜುಲೈ 6

ಸಿದ್ದಾಪುರದಿಂದ. ಓದಿ ಹೆದರಿಕೆ ಆಯ್ತು. ನಾವು ಹತ್ತು ಜನ ಹೆಂಗಸರು ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರ್ತೇವೆ. ಯಂತ್ರಕ್ಕೆ ಸಾಲ ಬೇಕು, ಅಲ್ಲಿ ನನ್ನ ಸ್ವಂತ ಖಾತೆಯ ಚೆಕ್ ಕೇಳ್ತಿದ್ದಾರೆ. ಕೊಡದೆ ಸಾಲ ಇಲ್ಲವಂತೆ. ಏನು ಮಾಡಲಿ?

ನಿವೃತ್ತ_ಕ್ಯಾಶಿಯರ್ · ಜುಲೈ 6

ಅಕ್ಕ, ಕೊಡಲೇಬೇಕು ಅಂದರೆ ಖಾಲಿ ಕೊಡಬೇಡಿ. ಯಾರಿಗೆ ಅಂತ ಹೆಸರು ಬರೆಯಿರಿ, ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು 'ಅಕೌಂಟ್ ಪೇಯೀ' ಹಾಕಿ. ಮೊತ್ತವನ್ನೂ ಬರೆಯಿರಿ, ಸಾಲ ಎಷ್ಟೋ ಅಷ್ಟೇ. ಒಂದು ಕಾಗದದಲ್ಲಿ ಚೆಕ್ ನಂಬರ್, ಯಾವ ಸಾಲಕ್ಕೆ, ಸಾಲ ತೀರಿದ ಮೇಲೆ ವಾಪಸ್ ಕೊಡಬೇಕು ಅಂತ ಬರೆದು ಅವರ ಸಹಿ, ಸೀಲು ತಗೊಳ್ಳಿ. ಚೆಕ್ಕಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಬೇಡ ಅಂದರೆ ಬೇರೆ ಕಡೆ ಕೇಳಿ.

ಮತ್ತೆ ಕಂತು ನಗದಾಗಿ ಕೊಡಲೇಬೇಡಿ. ಕೊಟ್ಟರೆ ರಸೀದಿ ಇಲ್ಲದೆ ಎದ್ದು ಬರಬೇಡಿ.

ಚಾಲಿ_ರಾಶಿ · ಜುಲೈ 6

ನಿಮ್ಮ ಖಾತೆಯ ಚೆಕ್ಕು ಅಂದರೆ ಹೊಣೆ ನಿಮ್ಮೊಬ್ಬರದ್ದೇ, ಹತ್ತು ಜನರದ್ದಲ್ಲ. ಮೊದಲು ಗುಂಪಿನ ಹೆಸರಿನಲ್ಲಿ ಖಾತೆ ಮಾಡಿ. ನಿಮ್ಮ ಹಪ್ಪಳ ಶಿರಸಿಯಲ್ಲಿ ಎಲ್ಲಿ ಸಿಗ್ತದೆ?

ಹಲಸಿನ_ಹಪ್ಪಳ · ಜುಲೈ 6

ಮಳೆಗಾಲದಲ್ಲಿ ಹಪ್ಪಳ ಕೇಳ್ತೀರಲ್ಲ! ಖಾಲಿಯಾಗಿದೆ, ಮುಂದಿನ ಬೇಸಿಗೆಗೆ ನೋಡುವಾ.

ತದಡಿ_ದೋಣಿ · ಅಕ್ಟೋಬರ್ 9

ಸಮನ್ಸ್ ಬಂತು. ಕುಮಟಾ ಕೋರ್ಟೇ, ಘಟ್ಟ ಹತ್ತಬೇಕಾಗಿಲ್ಲ. ಹೋದೆ, ಜಾಮೀನು ಆಯ್ತು. ಒಳಗೆ ಐದು ನಿಮಿಷ, ಹೊರಗೆ ನಾಲ್ಕು ತಾಸು. ಅವರ ವಕೀಲರು ಮಧ್ಯಂತರ ಪರಿಹಾರದ ಅರ್ಜಿ ಹಾಕಿದ್ದಾರೆ. ನಮ್ಮವರು ತಕರಾರು ಹಾಕ್ತಾರೆ. ರಾಜಿ ಮಾತು ಶುರುವಾಗಿದೆ. ಅವರು 2,50,000 ಅಂತಾರೆ. ರಾಜಿ ಆದರೆ ಕೋರ್ಟಿಗೂ ಶೇಕಡಾ 10 ಕಟ್ಟಬೇಕು ಅಂತ ಒಬ್ಬರು ಹೇಳಿದರು. ಹೌದಾ?

ಘಟ್ಟದ_ಕೆಳಗಿನ_ವಕೀಲೆ · ಅಕ್ಟೋಬರ್ 9

ಅದು 2010ರ ದಾಮೋದರ ಪ್ರಭು ತೀರ್ಪಿನ ಲೆಕ್ಕ. ತಡವಾಗಿ ರಾಜಿ ಆದಷ್ಟೂ ಜಾಸ್ತಿ ಕಟ್ಟಬೇಕಿತ್ತು. ಕಳೆದ ತಿಂಗಳು, ಸೆಪ್ಟೆಂಬರ್ 25ಕ್ಕೆ, ಸುಪ್ರೀಂ ಕೋರ್ಟ್ ಅದನ್ನು ಬದಲಿಸಿದೆ. ಆರೋಪಿಯ ಕಡೆಯ ಸಾಕ್ಷ್ಯ ಶುರುವಾಗುವ ಮೊದಲೇ ಚೆಕ್ಕಿನ ದುಡ್ಡು ಕೊಟ್ಟು ಮುಗಿಸಿದರೆ ಈಗ ಏನೂ ಕಟ್ಟಬೇಕಾಗಿಲ್ಲ. ಆಮೇಲೆ ಆದರೆ ಶೇಕಡಾ 5, ಮೇಲಿನ ಕೋರ್ಟಿಗೆ ಹೋದರೆ ಇನ್ನೂ ಹೆಚ್ಚು.

ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಗಾಳಿಯವರು ಕೇಳುವ ಮೊದಲೇ ಹೇಳಿಬಿಡ್ತೇನೆ. 20,000 ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಸಾಲ ತಗೊಂಡರೆ ಆದಾಯ ತೆರಿಗೆಯವರ ದಂಡ ಬೀಳಬಹುದು, ಆದರೆ ಆ ಕಾರಣಕ್ಕೆ ಸಾಲವೇ ಸುಳ್ಳು ಅಂತ ಆಗುವುದಿಲ್ಲ.

ಗೋಕರ್ಣ_ಗಾಳಿ · ಅಕ್ಟೋಬರ್ 9

ಕೇಳುವವನಿದ್ದೆ 😄

ತದಡಿ_ದೋಣಿ · ಡಿಸೆಂಬರ್ 16

ಲೋಕ ಅದಾಲತ್‌ನಲ್ಲಿ ಮುಗೀತು. 1,65,000ಕ್ಕೆ. 65,000 ಅವತ್ತೇ ಕೊಟ್ಟೆ, ಉಳಿದದ್ದು ಎರಡು ಕಂತು, ಖಾತೆಗೇ ಹಾಕಬೇಕು. ಧ್ವನಿ ಸಂದೇಶವನ್ನು ಅವರ ವಕೀಲರಿಗೆ ಕೇಳಿಸಿದ ದಿನ 2,50,000 ಇದ್ದದ್ದು 1,80,000 ಆಯ್ತು. ಉಳಿದ 15,000 ನಾನು ಜಗ್ಗಾಡಿ ಇಳಿಸಿದ್ದು, ಮೀನು ಮಾರಿದ ಅಭ್ಯಾಸ.

ನಿಜ ಹೇಳಬೇಕು ಅಂದರೆ ಗೆದ್ದೆ ಅನ್ನಿಸಲಿಲ್ಲ. ನಗದು ಬಡ್ಡಿ ಕೊಟ್ಟದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಹೊರಗೆ ಬಂದಾಗ ಅವರೇ ಬಂದು 'ಮುಂದಿನ ಆಗಸ್ಟ್‌ಗೆ ಬೇಕಾದರೆ ಹೇಳು' ಅಂದರು. ಏನು ಹೇಳಬೇಕು ಗೊತ್ತಾಗಲಿಲ್ಲ. ಹೂಂ ಅಂದೆ.

ನಿವೃತ್ತ_ಕ್ಯಾಶಿಯರ್ · ಡಿಸೆಂಬರ್ 16

ಎರಡನೇ ಚೆಕ್?

ತದಡಿ_ದೋಣಿ · ಡಿಸೆಂಬರ್ 16

ಸಿಗ್ತಾ ಇಲ್ಲವಂತೆ. ನಮ್ಮ ವಕೀಲರು ಬಿಡಲಿಲ್ಲ. ರಾಜಿ ಪತ್ರದಲ್ಲೇ ಅದರ ನಂಬರ್ ಬರೆಸಿ, ಅದನ್ನು ಬಳಸುವ ಹಾಗಿಲ್ಲ ಅಂತ ಸಹಿ ಮಾಡಿಸಿದರು. ಅವತ್ತು ನೀವು ನಂಬರ್ ಕೇಳದೇ ಇದ್ದಿದ್ದರೆ ನನಗೆ ಹೊಳೀತಾನೇ ಇರಲಿಲ್ಲ.

ಕಾಳಿ_ಸೇತುವೆ · ಡಿಸೆಂಬರ್ 17

ನಂದು ಸಿಕ್ಕಿತು. ಫೈಲಿನಲ್ಲಿ ನನ್ನದರ ಜೊತೆ ಸತ್ತುಹೋದ ಒಬ್ಬರ ಚೆಕ್ಕೂ ಇತ್ತು.

ಮುಂಡಗೋಡ_ಮೆಕ್ಕೆಜೋಳ · ಡಿಸೆಂಬರ್ 19

ಎಲ್ಲಾ ಓದಿದೆ. ನನ್ನ ತಮ್ಮ ಹೋದ ತಿಂಗಳು ಗೊಬ್ಬರದ ಉದ್ದರಿಗೆ ಮೂರು ಖಾಲಿ ಚೆಕ್ ಕೊಟ್ಟು ಬಂದಿದ್ದಾನೆ. ನಂಬರ್ ಬರೆದಿಟ್ಟಿಲ್ಲ. ಕೇಳಿದರೆ ನೆನಪಿಲ್ಲ ಅಂತಾನೆ.

ನಿವೃತ್ತ_ಕ್ಯಾಶಿಯರ್ · ಡಿಸೆಂಬರ್ 19

ಚೆಕ್‌ಬುಕ್ ತೆಗೆಯಲು ಹೇಳಿ. ಈಗ ಮೇಲೆ ಇರುವ ಚೆಕ್ಕಿನ ನಂಬರ್ ನೋಡಿ ಹಿಂದಕ್ಕೆ ಎಣಿಸಿ. ಬ್ಯಾಂಕಿನಲ್ಲಿ ಪಾಸಾದವುಗಳನ್ನು ಸ್ಟೇಟ್‌ಮೆಂಟ್ ನೋಡಿ ಬಿಡಿ. ಉಳಿದ ಮೂರು ಅವೇ.